ಡೇರೆಯೊಳಗಿನ ಅತಿಥಿ

ಡೇರೆಯೆಂದರೆ ಬಡವನ ಬಿಡಾರವೆಂದು ತಿಳಿದವರು ನಾವು. ಟಾಂಜಾನಿಯದ ಸೆರೆಂಗೆಟಿ ಹುಲ್ಲುಗಾವಲಿನ ಡೇರೆಗಳ ಜಾತಿಯೇ ಬೇರೆ: ಒಳಗೆ ಮಂಚ, ಬಿಸಿನೀರಿನ ಸ್ನಾನ, ಹೊರಗೆ ಸಿಂಹದ ಗರ್ಜನೆ, ಒಂದು ರಾತ್ರಿಗೆ ನೂರಾರು ಡಾಲರು. ಮನುಷ್ಯರ ಸುಳಿವಿಲ್ಲದ ಬಯಲೆಂಬುದೇ ಅಲ್ಲಿ ಮಾರಾಟದ ಸರಕು.

ಆ ಸುಳಿವು ತಾನಾಗಿ ಅಳಿಯಲಿಲ್ಲ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ನೆಲದಿಂದ ಮಸಾಯಿ ದನಗಾಹಿಗಳನ್ನು ಬ್ರಿಟಿಷ್ ಆಡಳಿತ 1959ರಲ್ಲಿ ನೆರೆಯ ಎನ್‌ಗೊರೊಂಗೊರೊಗೆ ಸಾಗಿಸಿತು. ಜೀಬ್ರಾಗಳ ನಡುವೆಯೇ ದನ ಮೇಯಿಸಿ ಬಾಳಿದವರು ಅವರು! ಹಿರಿಯರ ಒಪ್ಪಿಗೆ ಪಡೆದದ್ದುಂಟು. ಬೇಡವೆನ್ನಲು ಅವರಿಗೆ ದಾರಿಯಿತ್ತೆ? 2022ರ ಜೂನ್‌ನಲ್ಲಿ ಪಕ್ಕದ ಲೊಲಿಯೊಂಡೊದಲ್ಲಿ ಸರಕಾರ 1500 ಚದರ ಕಿಲೋಮೀಟರಿಗೆ ಗಡಿಕಲ್ಲು ನೆಡಹೊರಟಾಗ ಪೊಲೀಸರಿಗೂ ಅವರಿಗೂ ಘರ್ಷಣೆಯೇ ಆಯಿತು.

ಪ್ರವಾಸಿಯ ಹಣದಿಂದ ಪ್ರಾಣಿಗಳು ಉಳಿಯುತ್ತವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಬಯಲೆಲ್ಲ ಬೇಲಿ, ಗೋಧಿಹೊಲವಾದರೆ ಅವು ಹೋಗುವುದೆಲ್ಲಿಗೆ? ಕೀನ್ಯದ ಮಾರಾ ಪ್ರದೇಶದಲ್ಲಿ ಶಿಬಿರದವರು ಜಮೀನಿನ ಒಡೆಯರಾದ ಮಸಾಯಿಗಳಿಗೇ ಬಾಡಿಗೆ ಕೊಡುತ್ತಾರೆ. ನನಗೆ ಇದು ಎಷ್ಟೋ ಮೇಲೆನಿಸುತ್ತದೆ. ಆದರೆ ಅಲ್ಲಿಯೂ ದನಗಳಿಗೆ ಕಟ್ಟುಪಾಡು; ಬಾಡಿಗೆ ಸೇರುವುದು ಪತ್ರವಿರುವವನಿಗೆ, ಹೆಚ್ಚಾಗಿ ಗಂಡಸಿಗೆ. ಈ ಸಲ ಮಳೆಯಿಲ್ಲ, ಹುಲ್ಲು ನಮ್ಮ ದನಗಳಿಗೇ ಬೇಕೆಂದು ಒಡೆಯ ಹೇಳಿದರೆ ಅತಿಥಿಗಳು ಎದ್ದಾರೆಯೆ? ಡೇರೆಯೆಂಬುದು ಕಿತ್ತೊಯ್ಯಲು ಬರುವಂಥದೇ ಅಲ್ಲವೆ!