ಬೆಂಡಿನ ಬಿಲ್ಲೆಯೂ ಹಿಂಸೆಯ ಹೊಣೆಯೂ

ಅಮೆರಿಕದಲ್ಲಿ ಬೇಟೆಯ ಹವ್ಯಾಸವುಳ್ಳ ಅನೇಕರು ಕೋವಿಯಲ್ಲಿ ಒಮ್ಮೆ ಹಾರಿಸಿದ ತೋಟಾಗಳನ್ನು ಬಿಸುಡದೆ ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುತ್ತಾರೆ. ತಳದಲ್ಲಿ ಮದ್ದು, ಮೇಲೆ ಚರೆ. ನಡುವೆ ಜಾಗವುಳಿದರೆ ಬೆಂಡಿನ ಅಥವಾ ಉಣ್ಣೆಯ ಬಿಲ್ಲೆ. ಚರೆಯ ಸಂದಿಗಳಿಗೆ ಪ್ಲಾಸ್ಟಿಕ್ಕಿನ ಹುಡಿ ಸುರಿಯುವುದೂ ಉಂಟು. ಅದರಿಂದ ಸೀಸದ ಚರೆ ಜಜ್ಜಿಹೋಗದೆ ದುಂಡಗುಳಿದು, ಹೆಚ್ಚು ಚದುರದೆ ಗುರಿಯತ್ತ ಸಾಗುತ್ತದೆ.

ಬೆಂಡಾಗಲಿ ಹುಡಿಯಾಗಲಿ ತಾನಾಗಿ ಯಾರನ್ನೂ ಕೊಲ್ಲದು. ಹಾಗಾದರೆ ಅದನ್ನು ತುಂಬುವ ಕೈಗೆ ದೋಷವೆಲ್ಲಿಯದು? ತತ್ತ್ವಾರ್ಥಸೂತ್ರವು ಆಸ್ರವದ ಅಧಿಕರಣಗಳಲ್ಲಿ ಜೀವದೊಡನೆ ಅಜೀವವನ್ನೂ ಎಣಿಸಿದೆ. ವಸ್ತುಗಳನ್ನು ಕೂಡಿಸುವ ಸಂಯೋಗವೂ ಅದರಲ್ಲಿ ಸೇರಿದೆ. ಜಡಕ್ಕೆ ಪಾಪವಿಲ್ಲ, ಕೊಲ್ಲುವ ಸಂಕಲ್ಪದಿಂದ ಜಡವನ್ನು ಜೋಡಿಸಿದ ಜೀವಕ್ಕೆ ಬಂಧವುಂಟು.

ತೋಟಾ ತುಂಬುವವನು ಎಲ್ಲವನ್ನೂ ಎಚ್ಚರದಿಂದ ತೂಗುತ್ತಾನೆ. ಅಳತೆ ತಪ್ಪಿದರೆ ಒತ್ತಡ ಮಿತಿಮೀರಿ ಕೋವಿಯ ನಳಿಗೆಯೇ ಸಿಡಿದೀತು. ಆದರೆ ಇದು ತನ್ನ ಪ್ರಾಣದ ಎಚ್ಚರ. ಪರಪ್ರಾಣದ ವಿಷಯದಲ್ಲಿ ಅವನು ಪ್ರಮತ್ತನೇ.

ಕೃತಕ ಬಿಲ್ಲೆಗಳಿಗೆ ಮಾತ್ರ ಗುರಿಯಿಡುವವನ ದೋಷ ಬೇಟೆಗಾರನದಕ್ಕೆ ಸಮವಲ್ಲ. ಅಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆದರೂ ನೆಲಕ್ಕೆ ಬಿದ್ದ ಸೀಸವನ್ನು ಹಕ್ಕಿಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಇದನ್ನರಿತೇ ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಿತು. ಚರೆಯ ಲೋಹ ಬದಲಾಯಿತು, ಬೇಟೆ ನಿಲ್ಲಲಿಲ್ಲ.

ಶ್ರಾವಕನ ಅನರ್ಥದಂಡವಿರತಿಯು ಹಿಂಸೆಯ ಉಪಕರಣವನ್ನು ಕೊಡುವ ಹಿಂಸಾದಾನವನ್ನೂ ತಡೆಯುತ್ತದೆ. ಕೊಡುವ ವಸ್ತು ಬೆಂಡಿನಷ್ಟೇ ಹಗುರವಾಗಿರಲಿ, ಅದು ಯಾವುದರ ನಡುವೆ ಸೇರುವುದೆಂಬುದನ್ನು ನೋಡಿಯೇ ಕೈ ನೀಡುವುದು ವಿವೇಕ.