ಆಣೆ ಕೇಳಿದ ಮನೆಯಲ್ಲಿ ನೆಮ್ಮದಿ ನಿಲ್ಲದು



ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಬಂದವರೂ ಇದ್ದೀರಿ, ಬಸ್ಸು ಹತ್ತಿ ಬಂದವರೂ ಇದ್ದೀರಿ. ಎಲ್ಲರೂ ಮಾದಪ್ಪನ ಮುಂದೆ ಒಂದಲ್ಲ ಒಂದು ಕಷ್ಟ ಹೇಳಿಕೊಳ್ಳಲು ಬಂದವರೇ. ಆದರೆ ಕೆಲವು ಕಷ್ಟ ದೇವರು ಕೊಟ್ಟದ್ದಲ್ಲ, ಅನುಮಾನವೆಂಬ ಹೆಸರಿನಲ್ಲಿ ನಾವೇ ಮನೆಯೊಳಗೆ ಕರೆದುಕೊಂಡದ್ದು.

ಕಂಸಾಳೆಯವರು ಹಾಡುವ ಸಂಕಮ್ಮನ ಕಥೆ ನಿಮಗೆ ಗೊತ್ತು. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲಕ್ಕೆ ಭಾಷೆ ಕೇಳಿದ. ಸಂಕಮ್ಮ ಕೊಡಲಿಲ್ಲ. ತಪ್ಪು ಮಾಡುವ ಮನಸ್ಸಿನವಳಾಗಿದ್ದರೆ ಸುಳ್ಳು ಭಾಷೆ ಕೊಟ್ಟು ಗಂಡನನ್ನು ಸಾಗಹಾಕುವುದು ಕಷ್ಟವಿತ್ತೇ? ಅವನು ಅವಳನ್ನು ಹಿಂಸಿಸಿ, ಕೂಡಿಹಾಕಿ ಹೋದ. ಮಾದಪ್ಪ ಬಂದದ್ದು ಯಾರ ಬಳಿಗೆ? ಭಾಷೆ ಕೇಳಿದವನ ಬಳಿಗಲ್ಲ, ಕಣ್ಣೀರಿಟ್ಟವಳ ಬಳಿಗೆ. ಬಂಧನ ಬಿಡಿಸಿ, ಮಕ್ಕಳಿಲ್ಲದವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಎರಡು ಮಕ್ಕಳ ಫಲ ಕೊಟ್ಟ.

ಇದು ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. ಒಮ್ಮೆ ಲಾರಿ ಓಡಿಸುವ ಒಬ್ಬ ತಮ್ಮ ಹೆಂಡತಿಯನ್ನು ಕರೆತಂದು, "ಬುದ್ಧಿ, ಇವಳ ಕೈಲಿ ಕರ್ಪೂರ ಹಚ್ಚಿಸಿ ಆಣೆ ಮಾಡಿಸಿ" ಅಂದ. ಆ ತಾಯಿ ಮಾತಾಡಲಿಲ್ಲ. ಮಗು ಅವಳ ಸೆರಗು ಹಿಡಿದು ನಿಂತಿತ್ತು.

ನಾನು ಕೇಳಿದೆ, "ಮಾಡ್ತಾಳೆ ಕಣಪ್ಪ. ಮಾಡಿದ ಮೇಲೆ ನಿಂಗೆ ನಿದ್ದೆ ಬತ್ತದಾ?"

ಬಹಳ ಹೊತ್ತು ನೆಲ ನೋಡಿದ. "ಇಲ್ಲ ಬುದ್ಧಿ" ಅಂದ.

"ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿರೋನು ನೀನು. ಅವಳು ಯಾವತ್ತಾದ್ರೂ ನಿನ್ನ ಕೈಲಿ ಕರ್ಪೂರ ಹಚ್ಚಿಸಿದ್ದಾಳಾ?"

ಅವನ ಕಣ್ಣಲ್ಲಿ ನೀರು ಬಂತು. ಆಣೆಗೆಂದು ತಂದಿದ್ದ ಕರ್ಪೂರವನ್ನು ಮಾದಪ್ಪನಿಗೆ ಆರತಿ ಮಾಡಿಸಿದ.

ನೋಡಿ, ಅನುಮಾನಕ್ಕೆ ಎಷ್ಟು ಸಾಕ್ಷಿ ಕೊಟ್ಟರೂ ಹೊಟ್ಟೆ ತುಂಬುವುದಿಲ್ಲ. ಇವತ್ತು ಆಣೆ ಕೇಳುತ್ತದೆ, ನಾಳೆ ಮೊಬೈಲು ತೆಗೆದು ನೋಡುತ್ತದೆ, ನಾಡಿದ್ದು ಕೈ ಎತ್ತುತ್ತದೆ. ಮನಸ್ಸಿಗೆ ಏನಾದರೂ ಕೊರೆಯುತ್ತಿದ್ದರೆ ಗಂಡ ಹೆಂಡಿರು ಕೂತು ಬಾಯಿಬಿಟ್ಟು ಮಾತಾಡಿ. ಹೊಡೆದು ನಿಜ ತಿಳಿದವರು ಯಾರೂ ಇಲ್ಲ.

ದುಡಿಮೆಯಲ್ಲೂ ಹೀಗೆಯೇ. ಆಳಿನ ಬೆನ್ನ ಹಿಂದೆ ದಿನವಿಡೀ ಕಾವಲು ನಿಂತ ಯಜಮಾನನಿಗೆ ತನ್ನ ಕೆಲಸವೂ ಆಗದು, ಆಳಿನ ಕೆಲಸವೂ ಹಸನಾಗದು. ಹಾಗೆಂದು ಲೆಕ್ಕ ಬೇಡವೆಂದಲ್ಲ. ಕೂಲಿ ಎಷ್ಟು, ಸಾಲ ಎಷ್ಟು, ಅಣ್ಣತಮ್ಮಂದಿರ ಪಾಲು ಎಷ್ಟು ಎಂಬುದನ್ನು ಮೊದಲೇ ಮಾತಾಡಿ ಬರೆದಿಡಿ. ಬರೆದಿಡುವುದು ಅನುಮಾನವಲ್ಲ, ಮುಂದೆ ಅನುಮಾನ ಹುಟ್ಟದಿರಲು ಹಾಕಿದ ಬೇಲಿ.

ಭಕ್ತಿಯಲ್ಲಿಯೂ ಅಷ್ಟೇ. ಹರಕೆ ಹೊರುವುದು ತಪ್ಪಲ್ಲ. ಆದರೆ ಫಲ ತಡವಾಯಿತೆಂದು "ಮಾದಪ್ಪ ಕಣ್ಣು ಬಿಡಲಿಲ್ಲ" ಎಂದು ದೂರಿದರೆ ದೇವರ ಹತ್ತಿರವೇ ಭಾಷೆ ಕೇಳಿದಂತಾಯಿತು. ಬಿತ್ತಿದ ರಾಗಿಯನ್ನು ದಿನಾ ಕೆದಕಿ ನೋಡಿದರೆ ಮೊಳಕೆ ಬಂದೀತೇ?

ಬೆಟ್ಟ ಇಳಿಯುವಾಗ ಪ್ರಸಾದದ ಜೊತೆಗೆ ಇದಿಷ್ಟನ್ನೂ ಕಟ್ಟಿಕೊಳ್ಳಿ. ನೀವು ಯಾರ ಮೇಲೆ ಅನುಮಾನಪಟ್ಟಿದ್ದೀರೋ ಅವರ ಕೈಗೇ ಮೊದಲ ಪ್ರಸಾದ ಕೊಡಿ.

ಉಘೇ ಮಾದಪ್ಪ, ಉಘೇ ಉಘೇ!