ಕಲಾವಿದನ ಮನೆಯ ಬಿಟ್ಟಿ ಚಾಕರಿ

ಕಲಾವಿದನಿಗೆ ಕಲೆ ದೊಡ್ಡದೋ, ಸಂಸಾರ ದೊಡ್ಡದೋ? ಈ ಪ್ರಶ್ನೆಯನ್ನು ವೇದಿಕೆಗಳ ಮೇಲೆ ಬಹಳ ಸಲ ಕೇಳಿದ್ದೇವೆ. ಉತ್ತರ ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಕಲೆ ಒಂದು ತಪಸ್ಸು, ತಪಸ್ಸಿಗೆ ಹೆಂಡತಿ ಮಕ್ಕಳು ಅಡ್ಡಿ, ದೊಡ್ಡ ಕಲಾವಿದ ಎಲ್ಲವನ್ನೂ ತ್ಯಾಗ ಮಾಡಬೇಕು ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ನಿಜವಾಗಿ ತ್ಯಾಗ ಮಾಡಿದವರು ಯಾರು ಅಂತ ಹುಡುಕಿಕೊಂಡು ಹೋದರೆ ದಾರಿ ವೇದಿಕೆಗೆ ಹೋಗೋದಿಲ್ಲ, ಅಡುಗೆಮನೆಗೆ ಹೋಗುತ್ತೆ.

ನಮ್ಮ ಸೀಮೆಯಿಂದಲೇ ಶುರು ಮಾಡೋಣ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಬಾರಿಸಿದ್ದಕ್ಕೆ ಬಂತು. ಅದು ಸಣ್ಣ ಮಾತಲ್ಲ. ಈ ತಮಟೆ ಯಾವುದು? ಹೆಣದ ಮುಂದೆ ಬಾರಿಸು, ಮಾರಿಯ ಮುಂದೆ ಬಾರಿಸು, ಊರೆಲ್ಲ ಸಾರು ಅಂತ ಊರು ಕೇರಿಗೆ ಹೊರಿಸಿದ ಚಾಕರಿ. ಬಾರಿಸಿದವನಿಗೆ ಸಿಕ್ಕಿದ್ದು ಒಂದಿಷ್ಟು ರಾಗಿ, ತಂಗಳು, ಹೆಂಡ. ಕೂಲಿ ಅನ್ನೋ ಮಾತೇ ಇರಲಿಲ್ಲ. ಬಾರಿಸಲ್ಲ ಅಂದವನಿಗೆ ಬಹಿಷ್ಕಾರ. ಅದಕ್ಕೇ 70-80ರ ದಶಕದ ಚಳವಳಿಯಲ್ಲಿ 'ಇದು ಗುಲಾಮಗಿರಿಯ ಗುರುತು, ಬಿಸಾಕಿ' ಅಂದವರಿದ್ದರು. 'ಇದು ನಮ್ಮ ದನಿ, ಮೆರವಣಿಗೆಗೆ ತನ್ನಿ' ಅಂದವರೂ ಇದ್ದರು. ಹೊರಗಿಂದ ನೋಡಿದರೆ ಎರಡು ಪಕ್ಷ. ಒಳಗೆ ಇಬ್ಬರದೂ ಒಂದೇ ಮಾತು: ಬಿಟ್ಟಿ ಬಾರಿಸಲ್ಲ.

ಹಾಗಾಗಿ ನಮ್ಮ ಕಲಾವಿದನಿಗೆ 'ನಾನು ದೊಡ್ಡವನಾಗಬೇಕು' ಅನ್ನೋ ಆಸೆಯೇ ಹೊಸದು. ಮೈಸೂರಿನ ಆಸ್ಥಾನ ವಿದ್ವಾಂಸನಿಗೆ ಅರಮನೆ ಇತ್ತು, ಸಂಬಳ ಇತ್ತು, ಬಿರುದು ಇತ್ತು. ತಮಟೆಯವನಿಗೆ ಹೆಸರೇ ಇರಲಿಲ್ಲ. 'ಏ, ತಮಟೆಯೋನ್ನ ಕರಿಯೋ' ಅಂದರೆ ಮುಗೀತು. ಇಂಥವನು ಇವತ್ತು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಬಾರಿಸಬೇಕು, ದೆಹಲಿಗೆ ಹೋಗಬೇಕು, ಕರಪತ್ರದಲ್ಲಿ ತನ್ನ ಹೆಸರು ಅಚ್ಚಾಗಬೇಕು ಅಂತ ಆಸೆಪಟ್ಟರೆ, 'ಮೊದಲು ಮನೆ ನೋಡ್ಕೊ, ನಿಂಗ್ಯಾಕೋ ಇವೆಲ್ಲ' ಅನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮ ಅಪ್ಪಂದಿರು ಸ್ಲೇಟು ಹಿಡಿದಾಗ ಗೌಡರು ಆಡಿದ್ದೂ ಇದೇ ಮಾತು. ಆಸೆ ತಪ್ಪಲ್ಲ. ಇದನ್ನು ಮೊದಲು ಗಟ್ಟಿಯಾಗಿ ಹೇಳಬೇಕು.

ಈಗ ಎರಡನೇ ಮಾತು. ಈ ಆಸೆಗೆ ಬೆಲೆ ತೆರುವವರು ಯಾರು?

ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಆರ್ಕೆಸ್ಟ್ರಾ ಹುಡುಗರನ್ನು ನೋಡಿ. ಮದುವೆ ಕಾಲದಲ್ಲಿ, ಜಾತ್ರೆ ಕಾಲದಲ್ಲಿ, ಗಣೇಶನ ಹಬ್ಬದಲ್ಲಿ ಉಸಿರಾಡೋಕೆ ಬಿಡುವಿಲ್ಲ. ಆಷಾಢ ಬಂತು, ಪಿತೃಪಕ್ಷ ಬಂತು, ಧನುರ್ಮಾಸ ಬಂತು ಅಂದರೆ ಕರೆಯೋರಿಲ್ಲ. ಆದರೆ ಹೊಟ್ಟೆಗೆ ಆಷಾಢ ಇದೆಯಾ? ರೇಷನ್ನು, ಸ್ಕೂಲು ಫೀಜು, ಸಂಘದ ಸಾಲದ ಕಂತು ಪಂಚಾಂಗ ನೋಡಿಕೊಂಡು ಬರೋದಿಲ್ಲ. ಆ ಖಾಲಿ ತಿಂಗಳುಗಳನ್ನು ದಾಟಿಸುವ ಕೈ ಯಾವುದು?

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳಿಗೆ ಬನ್ನಿ, ಆ ಕೈ ಕಾಣುತ್ತೆ. ಕುದಿಯುವ ನೀರಿನಲ್ಲಿ ಗೂಡು, ಆ ಬಿಸಿನೀರಿನಲ್ಲೇ ಎಳೆ ಹುಡುಕುವ ಬೆರಳು. ಸತ್ತ ಹುಳದ ವಾಸನೆ ಸೀರೆಯಿಂದ ಹೋಗೋದಿಲ್ಲ, ಬೆರಳ ತುದಿ ಬೆಳ್ಳಗಾಗಿ ಬಿರಿದಿರುತ್ತೆ. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ನಾನು ಕಾಲೇಜಿಗೆ ಹೋಗುವಾಗ ಅಕ್ಕ ಬಿಚ್ಚಾಣಿಕೆಗೆ ಹೋಗುತ್ತಿದ್ದಳು. 'ನೀನ್ ಓದ್ಕೊ ಹೋಗಪ್ಪ' ಅನ್ನುತ್ತಿದ್ದಳು. ನನ್ನ ಪದ್ಯದ ಕೆಳಗೆ ನನ್ನ ಹೆಸರಿರುತ್ತೆ, ಅವಳ ಹೆಸರಿರೋದಿಲ್ಲ. ಹಾಗಾಗಿ ಈ ಮಾತನ್ನು ತಮಟೆಯವನಿಗೆ ಬುದ್ಧಿ ಹೇಳೋಕೆ ಬರೆಯುತ್ತಿಲ್ಲ. ಹಾಡುವವನು, ಬಾರಿಸುವವನು, ಬರೆಯುವವನು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ.

ಚಿಂತಾಮಣಿ ಪಕ್ಕದ ಕೈವಾರದಲ್ಲಿ ಗುರುಪೂರ್ಣಿಮೆಗೆ ಸಂಗೀತೋತ್ಸವ ನಡೆಯುತ್ತೆ. ಬಳೆ ಮಾರುತ್ತಿದ್ದ ನಾರಾಯಣಪ್ಪ ಮನೆ ಬಿಟ್ಟು, ಗುರು ಹಿಡಿದು, ಪದ ಕಟ್ಟಿ ತಾತಯ್ಯ ಆದರು. ಅವರ ಪದಗಳು ಇವತ್ತಿಗೂ ನಮ್ಮ ಸೀಮೆಯ ಭಜನೆ ಮೇಳಗಳಲ್ಲಿ ಬದುಕಿವೆ. ಆ ಕತೆ ಹೇಳುವವರು ಅವರ ಹೆಂಡತಿಯನ್ನು ಮಾತ್ರ ಬಾಯಿಬಡುಕಿ ಮಾಡಿಬಿಡುತ್ತಾರೆ. ಬಳೆ ಮಲಾರ ಹೊತ್ತು ಹೋದ ಗಂಡ ಬರಿಗೈಲಿ ಬಂದ ದಿನ ಆ ಮನೆಯ ಒಲೆ ಮೇಲೆ ಏನಿತ್ತು? ಅದನ್ನು ಯಾವ ಹರಿಕಥೆ ದಾಸರೂ ಹಾಡಿಲ್ಲ. ತಾತಯ್ಯನವರ ದೊಡ್ಡತನ ಇದರಿಂದ ಕಮ್ಮಿ ಆಗೋದಿಲ್ಲ. ಆದರೆ ಹಿಟ್ಟು ಕೇಳಿದ ಹೆಂಗಸು ಕೆಟ್ಟವಳು ಹೇಗಾದಳು ಅಂತ ನಾವು ಕೇಳಲೇಬೇಕು.

ಇನ್ನು ಕಲಾವಿದೆಯೇ ಹೆಂಗಸಾದರೆ? ಆಗ ಲೆಕ್ಕ ಇನ್ನೂ ಸ್ಪಷ್ಟವಾಗುತ್ತೆ. ಇದಕ್ಕೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮನೆ ನೋಡಬೇಕು. 1913ರಲ್ಲಿ ಹುಟ್ಟಿದ ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಜಾತಿಯ ಅವಮಾನ ಉಂಡವರು. ವಕೀಲರಾಗಿದ್ದ ಗಂಡನ ವ್ಯಾಪಾರ ಕೈಕೊಟ್ಟಾಗ ಸಂಸಾರ ನಡೆದದ್ದು ಅವರ ಹಾಡಿನಿಂದ. ಅಂದರೆ ಅವರಿಗೆ ಕಲೆ ಬೇರೆ, ಸಂಸಾರ ಬೇರೆ ಆಗಿರಲೇ ಇಲ್ಲ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಮಗಳ ಹಿಂದೂಸ್ತಾನಿ ಹಾಡಿಕೆಗೆ ತೊಡಕಾಗದಿರಲಿ ಅಂತ ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳು ಕೃಷ್ಣಾ ವರ್ಷಗಟ್ಟಲೆ ತಾಯಿಯ ಕಚೇರಿಗಳಲ್ಲಿ ದನಿಗೂಡಿಸಿ, 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಮೂರು ತಲೆಮಾರಿನ ಹೆಂಗಸರು ಸೇರಿ ಒಂದು ದನಿಯನ್ನು ಬೆಳೆಸಿದರು. ಗಂಡು ಕಲಾವಿದನ ಹಿಂದೆಯೂ ಇಂಥ ಹೆಂಗಸರೇ ಇರುತ್ತಾರೆ. ಕಾಣೋದಿಲ್ಲ, ಅಷ್ಟೆ.

ಇಲ್ಲಿ ಒಬ್ಬರು ಎದ್ದು ಕೇಳಬಹುದು: 'ತಾಯಿ ಪ್ರೀತಿಗೆ, ಹೆಂಡತಿ ಪ್ರೀತಿಗೆ ಲೆಕ್ಕ ಹಾಕ್ತೀಯೇನಯ್ಯ? ಸಂಸಾರ ಅಂದರೆ ಕೂಲಿ ಬಾಬತ್ತೇ?' ಈ ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಅಂಬಾಬಾಯಿ ಕೊಟ್ಟದ್ದು ಬಿಟ್ಟಿ ಅಲ್ಲ, ಕಾಣಿಕೆ. ಅವರಿಗೆ ಸಂಗೀತ ಗೊತ್ತಿತ್ತು, ಏನನ್ನು ಬಿಡುತ್ತಿದ್ದೇನೆ ಅನ್ನೋದೂ ಗೊತ್ತಿತ್ತು. ಕಾಣಿಕೆಗೂ ಬಿಟ್ಟಿಗೂ ಇರುವ ವ್ಯತ್ಯಾಸ ಇದೇ. 'ಆಗಲ್ಲ' ಅನ್ನೋಕೆ ಅವಕಾಶ ಇದ್ದೂ ಕೊಟ್ಟರೆ ಕಾಣಿಕೆ. 'ಆಗಲ್ಲ' ಅನ್ನೋಕೆ ಬಾಯೇ ಇಲ್ಲದೆ ಕೊಟ್ಟರೆ ಬಿಟ್ಟಿ. 'ನೀವು ನಮ್ಮ ಮನೆ ಮಕ್ಕಳಿದ್ದಂಗೆ ಕಣ್ರೋ, ನಿಮಗೇನು ಕೂಲಿ' ಅಂತ ಗೌಡರೂ ಅನ್ನುತ್ತಿದ್ದರು. ಪ್ರೀತಿಯ ಮಾತನ್ನು ಮುಂದಿಟ್ಟು ಕೂಲಿ ನುಂಗುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತು. ನಮ್ಮ ಬೆನ್ನ ಮೇಲೆ ಕಲಿತಿದ್ದೇವೆ. ಊರಲ್ಲಿ ಬಿಟ್ಟಿ ಒಲ್ಲೆ ಅಂದವರು ಮನೆಯಲ್ಲಿ ಬಿಟ್ಟಿ ತೆಗೆದುಕೊಳ್ಳುವುದು ಯಾವ ನ್ಯಾಯ?

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತು. ಅಡ್ವಾನ್ಸು ಈಸ್ಕೊಳ್ಳೋಕೆ ಮುಂಚೆ ಮನೆಯಲ್ಲಿ ಕೇಳಬೇಕು, ಬಂದ ಮೇಲೆ ಹೇಳೋದಲ್ಲ. ಬಂದ ದುಡ್ಡಿನಲ್ಲಿ ಮೊದಲ ಪಾಲು ಮನೆಯದು, ಹೆಂಡದಂಗಡಿಯದಲ್ಲ. ಅವಳಿಗೂ ಒಂದು ಆಸೆ ಇದ್ದರೆ, ಹಾಡೋದಿರಲಿ, ಹೊಲಿಗೆ ಕಲಿಯೋದಿರಲಿ, ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರುವ ಸರದಿ ಇವನದು. ಹೆಂಗಸರೇ ತಮಟೆ ಹಿಡಿದು ಮೇಳ ಕಟ್ಟಿರುವ ಕಾಲ ಇದು. ನಾಲ್ಕನೆಯದು ಕಾರ್ಯಕ್ರಮ ನಡೆಸುವವರಿಗೆ ಮತ್ತು ಸರ್ಕಾರಕ್ಕೆ. ಶಾಲು ಹೊದಿಸಿ, ಹಾರ ಹಾಕಿ, ದುಡ್ಡಿಗೆ ಆರು ತಿಂಗಳು ಅಲೆಸಬೇಡಿ. ಶಾಲು ಅಡವಿಟ್ಟರೆ ಯಾರೂ ರಾಗಿ ಕೊಡೋದಿಲ್ಲ. ಕೈ ನಡುಗುವ ವಯಸ್ಸಿಗೆ ಬರುವ ಮಾಸಾಶನ, ಮಕ್ಕಳು ಸಣ್ಣವರಿದ್ದಾಗ ಹೊತ್ತಿಸಬೇಕಾದ ಒಲೆಯನ್ನು ಹೊತ್ತಿಸೋದಿಲ್ಲ. ಕಲಾವಿದನ ಮನೆ ಮುರಿದರೆ ಅವನ ಆಸೆಯನ್ನು ಬೈಯುತ್ತೇವೆ. ಕೂಲಿ ಕೊಡದ ವ್ಯವಸ್ಥೆಯನ್ನು ಬೈಯೋದಿಲ್ಲ.

ಇಷ್ಟೆಲ್ಲ ಮಾಡಿದರೂ ತಕ್ಕಡಿ ಸಮ ಆಗದ ರಾತ್ರಿಗಳಿರುತ್ತವೆ. ಮಗುವಿಗೆ ಜ್ವರ, ಅದೇ ರಾತ್ರಿ ಜಾತ್ರೆ. ಹೋದರೂ ತಪ್ಪು, ಬಿಟ್ಟರೂ ತಪ್ಪು. ಅದಕ್ಕೆ ಸೂತ್ರ ನನ್ನ ಹತ್ತಿರ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ. ಆದರೆ ಹೋದವನು ಅದನ್ನು ತ್ಯಾಗ ಅಂತ ಕರೆಯದಿರಲಿ. ಸಾಲ ಅಂತ ಕರೆಯಲಿ. ತ್ಯಾಗ ಅಂದವನಿಗೆ ಲೋಕ ಕೈಮುಗಿಯುತ್ತೆ, ಕತೆ ಅಲ್ಲಿಗೆ ಮುಗಿಯುತ್ತೆ. ಸಾಲ ಅಂದವನು ಮನೆಗೆ ವಾಪಸ್ಸು ಬರಲೇಬೇಕಾಗುತ್ತೆ.

ತಮಟೆ ಬಾರಿಸುವವರಿಗೆ ಗೊತ್ತು, ಚರ್ಮ ಬಿಗಿಯಾಗಬೇಕಾದರೆ ಬೆಂಕಿಗೆ ಹಿಡಿಯಬೇಕು. ಆ ಬೆಂಕಿಗೆ ಹುಲ್ಲು ಕೂಡಿಸಿ ಕೊಟ್ಟವರ ಹೆಸರೂ ಕರಪತ್ರದಲ್ಲಿ ಇರಲಿ.